ಕ್ಯಾನ್ಸರ್ ರೋಗಿಗೆ ಮಂಪರು ಕವಿದರೆ ಲಿವರ್ ಕಡೆಯೂ ನೋಡಿ: ಮನೆಯವರಿಗೊಂದು ಮಾರ್ಗದರ್ಶಿ

ಕ್ಯಾನ್ಸರ್ ಇರುವವರು ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡಲು ಶುರು ಮಾಡಿದರೆ ನಮ್ಮ ಕಡೆ ಮೂರು ಮಾತು ಕೇಳಿಬರುತ್ತವೆ. ಕ್ಯಾನ್ಸರ್ ತಲೆಗೆ ಹತ್ತಿತು ಅಂತ ಒಬ್ಬರು, ವಯಸ್ಸಾಯ್ತಲ್ಲ ಅರಳುಮರಳು ಅಂತ ಇನ್ನೊಬ್ಬರು, ಏನೋ ಗಾಳಿ ಸೋಕಿರಬೇಕು ಅಂತ ಮತ್ತೊಬ್ಬರು. ಮೂರರಲ್ಲಿ ಯಾವುದನ್ನು ನಂಬಿದರೂ ಮನೆಯವರು ಕೈಚೆಲ್ಲಿ ಕೂರುತ್ತಾರೆ. ಆದರೆ ನಾಲ್ಕನೆಯದೊಂದು ಕಾರಣ ಇದೆ. ಲಿವರ್ ಸೋತು, ಅದು ತೆಗೆದುಹಾಕಬೇಕಿದ್ದ ವಿಷ ಮೆದುಳಿಗೆ ಹೋಗಿರುತ್ತದೆ. ಡಾಕ್ಟರ್‌ಗಳು ಇದನ್ನು ಹೆಪಾಟಿಕ್ ಎನ್ಸೆಫಲೋಪತಿ ಅನ್ನುತ್ತಾರೆ. ವಾರ್ಡಿನಲ್ಲಿ ಸಾಮಾನ್ಯವಾಗಿ 'ಅಮೋನಿಯಾ ಜಾಸ್ತಿಯಾಗಿದೆ' ಅಂತ ಹೇಳುತ್ತಾರೆ. ಬಹಳ ಸಲ ಇದಕ್ಕೆ ಮದ್ದಿದೆ. ಬೇಗ ಗುರುತಿಸಿದರೆ ಒಂದೆರಡು ದಿನದಲ್ಲಿ ಮನುಷ್ಯ ಮತ್ತೆ ಮೊದಲಿನ ಹಾಗೆ ಮಾತಾಡುವುದೂ ಉಂಟು.

ನಾನು ಡಾಕ್ಟರಲ್ಲ. ಲಿವರ್ ಕ್ಯಾನ್ಸರ್ ಆಗಿದ್ದ ನಮ್ಮ ದೊಡ್ಡಪ್ಪನನ್ನು ಮನೆಯಲ್ಲಿ ನೋಡಿಕೊಂಡವನು. ಮನೆಯವರು ಏನು ನೋಡಬೇಕು, ಏನು ಮಾಡಬೇಕು, ಏನು ಮಾಡಬಾರದು ಅನ್ನುವುದಷ್ಟೇ ಇಲ್ಲಿದೆ. ಮಾತ್ರೆಯ ಪ್ರಮಾಣ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ಮೊದಲು ಅರ್ಥ ಮಾಡಿಕೊಳ್ಳಿ

ನಾವು ತಿಂದದ್ದು ಕರುಳಿನಲ್ಲಿ ಜೀರ್ಣವಾಗುವಾಗ ಅಲ್ಲಿರುವ ಬ್ಯಾಕ್ಟೀರಿಯಾಗಳಿಂದ ಅಮೋನಿಯಾ ಹುಟ್ಟುತ್ತದೆ. ಕರುಳಿನ ರಕ್ತವೆಲ್ಲ ಪೋರ್ಟಲ್ ವೇಯ್ನ್ ಎಂಬ ದೊಡ್ಡ ರಕ್ತನಾಳದ ಮೂಲಕ ಲಿವರ್‌ಗೆ ಬರುತ್ತದೆ. ಲಿವರ್ ಅಮೋನಿಯಾವನ್ನು ಯೂರಿಯಾ ಮಾಡುತ್ತದೆ, ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಲಿವರ್‌ಗೆ ಶಕ್ತಿ ಇಲ್ಲದಿದ್ದರೆ, ಇಲ್ಲವೇ ರಕ್ತ ಲಿವರನ್ನು ಬಳಸಿಕೊಂಡು ಬೇರೆ ದಾರಿಯಲ್ಲಿ ಹೋದರೆ ಅಮೋನಿಯಾ ನೇರ ಮೆದುಳಿಗೆ ತಲುಪುತ್ತದೆ. ಅಲ್ಲಿ ಅದನ್ನು ಹೀರಿಕೊಂಡ ಕೋಶಗಳು ಊದಿಕೊಳ್ಳುತ್ತವೆ. ಮಂಕು ಕವಿಯುವುದು ಹೀಗೆ.

ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಇರುವವರಲ್ಲಿ ಇದು ಜಾಸ್ತಿ. ಯಾಕೆಂದರೆ ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ) ಇರುತ್ತದೆ. ಹೆಪಟೈಟಿಸ್ ಬಿ, ಸಿ, ವರ್ಷಗಟ್ಟಲೆ ಕುಡಿತ, ಸಕ್ಕರೆ ಕಾಯಿಲೆಯ ಜೊತೆ ಬರುವ ಫ್ಯಾಟಿ ಲಿವರ್, ಯಾವುದರಿಂದಲಾದರೂ ಆಗಿರಬಹುದು. ಗಡ್ಡೆ ಪೋರ್ಟಲ್ ವೇಯ್ನ್ ಒಳಗೆ ಹೊಕ್ಕು ಕಟ್ಟಿದರೆ ಇನ್ನೂ ತೊಂದರೆ. ಗಡ್ಡೆಗೆ ಹೋಗುವ ರಕ್ತನಾಳಕ್ಕೆ ಔಷಧಿ ಬಿಟ್ಟು ಮುಚ್ಚುವ ಚಿಕಿತ್ಸೆ ಆದ ಮೇಲೆ, ಕೆಲವು ಕೀಮೋ ಮತ್ತು ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ) ಔಷಧಿಗಳಿಂದ ಲಿವರ್ ಊದಿಕೊಂಡಾಗಲೂ ಹೀಗಾಗಬಹುದು.

ಕರುಳು, ಜಠರ, ಮೇದೋಜೀರಕ ಗ್ರಂಥಿ, ಸ್ತನದ ಕ್ಯಾನ್ಸರ್ ಲಿವರ್‌ಗೆ ಹರಡಿದವರ ವಿಷಯ ಸ್ವಲ್ಪ ಬೇರೆ. ಸ್ಕ್ಯಾನಿನಲ್ಲಿ ಲಿವರ್ ಮೇಲೆ ಎರಡು ಮೂರು ಗಂಟು ಕಂಡ ಮಾತ್ರಕ್ಕೆ ಅಮೋನಿಯಾ ಏರುವುದಿಲ್ಲ. ಲಿವರ್‌ನ ಬಹುಭಾಗ ಕೆಟ್ಟ ಮೇಲೆ ಬರುವ ಕಷ್ಟ ಇದು. ಅಂಥವರು ಮಂಕಾದರೆ ಬೇರೆ ಕಾರಣಗಳನ್ನೂ ಅಷ್ಟೇ ಜೋರಾಗಿ ಹುಡುಕಬೇಕು. ಅದನ್ನು ಮುಂದೆ ಹೇಳುತ್ತೇನೆ.

ಹಂತ 1: ಸಣ್ಣ ಬದಲಾವಣೆ ಕಂಡಾಗಲೇ ಎಚ್ಚರವಾಗಿ

ಇದು ಒಮ್ಮೆಲೇ ಪ್ರಜ್ಞೆ ತಪ್ಪಿಸುವುದು ಕಡಿಮೆ. ಮೊದಲು ನಿದ್ದೆ ತಿರುವುಮುರುವು ಆಗುತ್ತದೆ. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಆಮೇಲೆ ಸಿಡಿಮಿಡಿ, ಇಲ್ಲವೇ ಕಾರಣವಿಲ್ಲದ ನಗು. ಟಿವಿ ಮುಂದೆ ಕೂತರೂ ಏನು ನೋಡಿದರು ಅಂತ ಹೇಳಲಾಗದು. ಶರ್ಟಿನ ಗುಂಡಿ ಹಾಕಲು ಒದ್ದಾಟ. ಫೋನ್ ಹಿಡಿದು ಸುಮ್ನೆ ನೋಡುತ್ತಾ ಕೂರುವುದು. ಇದು ಡಾಕ್ಟರ್‌ಗಳ ಲೆಕ್ಕದಲ್ಲಿ ಒಂದನೆಯ ಹಂತ. ಎರಡರಲ್ಲಿ ವಾರ, ತಾರೀಕು ತಪ್ಪುತ್ತದೆ, ಮಾತು ತೊದಲುತ್ತದೆ, ಸ್ವಭಾವವೇ ಬದಲಾದ ಹಾಗೆ ಕಾಣುತ್ತದೆ. ಮೂರರಲ್ಲಿ ಎಬ್ಬಿಸಿದರೆ ಏಳುತ್ತಾರೆ, ಮತ್ತೆ ಮಲಗುತ್ತಾರೆ, ಎಲ್ಲಿದ್ದೇನೆ ಅನ್ನುವುದು ಗೊತ್ತಿರುವುದಿಲ್ಲ. ನಾಲ್ಕು ಅಂದರೆ ಎಬ್ಬಿಸಿದರೂ ಏಳದ ಸ್ಥಿತಿ.

ಒಂದನೆಯ ಹಂತವನ್ನು ಹಿಡಿಯುವುದು ಡಾಕ್ಟರ್‌ಗಿಂತ ಮನೆಯವರಿಗೇ ಸುಲಭ. ಓಪಿಡಿಯಲ್ಲಿ ಐದು ನಿಮಿಷ ನೋಡಿದವರಿಗೆ 'ಇವರು ಯಾವಾಗಲೂ ಹೀಗೇ ನಿಧಾನ ಮಾತಾಡ್ತಾರೇನೋ' ಅನ್ನಿಸಬಹುದು. ನಿಮಗೆ ಗೊತ್ತು, ಹಾಗಲ್ಲ ಅಂತ. ಅದನ್ನು ಬಾಯಿಬಿಟ್ಟು ಹೇಳಿ.

ಹಂತ 2: ದಿನಾ ಮೂರು ಪರೀಕ್ಷೆ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು

ಮೊದಲನೆಯದು ಕೈ. ಎರಡೂ ಕೈ ಮುಂದೆ ಚಾಚಿ, ಬಸ್ಸಿಗೆ ಕೈ ಅಡ್ಡ ಹಿಡಿದ ಹಾಗೆ ಅಂಗೈಯನ್ನು ಮೇಲಕ್ಕೆ ಬಗ್ಗಿಸಿ, ಬೆರಳು ಬಿಡಿಸಿ ಹಿಡಿಯಲು ಹೇಳಿ. ನಿಧಾನಕ್ಕೆ ಇಪ್ಪತ್ತರವರೆಗೆ ಎಣಿಸಿ. ಮಣಿಕಟ್ಟು ಪಟಕ್ಕನೆ ಕುಸಿದು ಮತ್ತೆ ಮೇಲೇಳುತ್ತಿದ್ದರೆ ಅದು ಬರೀ ವಯಸ್ಸಿನ ನಡುಕ ಅಲ್ಲ, ಡಾಕ್ಟರ್‌ಗೆ ಫೋನ್ ಮಾಡಬೇಕಾದ ಸೂಚನೆ.

ಎರಡನೆಯದು ಸಹಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ಬೆಳಿಗ್ಗೆ ತಾರೀಕು ಹಾಕಿ ಸಹಿ ಮಾಡಿಸಿ. ಪಕ್ಕದಲ್ಲೊಂದು ನಕ್ಷತ್ರ ಬರೆಸಿ. ನಾಲ್ಕು ದಿನದ ಸಹಿ ಸಾಲಾಗಿ ನೋಡಿದರೆ ಎಲ್ಲಿ ಅಕ್ಷರ ಜಾರಿತು, ಯಾವತ್ತು ನಕ್ಷತ್ರದ ಗೆರೆಗಳು ಕೂಡಲಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಹೆಬ್ಬೆಟ್ಟಿನವರಾದರೆ ನಕ್ಷತ್ರ ಅಥವಾ ದಿನಾ ಹಾಕುತ್ತಿದ್ದ ಒಂದು ಸುಲಭದ ರಂಗೋಲಿ ಎಳೆ ಸಾಕು.

ಮೂರನೆಯದು ನನಗೆ ಬಹಳ ಇಷ್ಟದ್ದು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಅಂತ ಎಣಿಸುವುದು. ಇದು ಮನೆಯಾಟ ಅಲ್ಲ, ಲಿವರ್ ಡಾಕ್ಟರ್‌ಗಳು ಬಳಸುವ ಪರೀಕ್ಷೆಯೇ. 15ಕ್ಕಿಂತ ಜಾಸ್ತಿ ಬಂದರೆ ಒಳ್ಳೆಯದು, 10ಕ್ಕಿಂತ ಕಡಿಮೆಯಾದರೆ ಚಿಂತೆಯ ವಿಷಯ. ಮಲೆನಾಡಿನವರಿಗೆ ಇದರಲ್ಲಿ ಏನೂ ಕಷ್ಟವಿಲ್ಲ ಬಿಡಿ. ಸಕಲೇಶಪುರ, ಮೂಡಿಗೆರೆ ಕಡೆಯವರ ಬಾಯಲ್ಲಿ ಮೊದಲು ಬರುವುದೇ ಆನೆ. ಆಮೇಲೆ ಕಾಟಿ, ಕಾಡುಹಂದಿ, ಮುಳ್ಳುಹಂದಿ, ಕಬ್ಬೆಕ್ಕು ಅಂತ ಸಾಲು ಹಿಡಿಯುತ್ತಾರೆ. ಅಂಥವರು ಒಂದು ದಿನ 'ಆನೆ... ಹಸು... ನಾಯಿ... ಆನೆ... ಅದೇ ಕಣೋ, ಅದು...' ಅಂತ ತಡವರಿಸಿದರೆ ಲೆಕ್ಕ ಬರೆದಿಟ್ಟುಕೊಳ್ಳಿ. ಎರಡು ಸಲ ಹೇಳಿದ ಹೆಸರು ಒಂದೇ ಅಂತ ಎಣಿಕೆ.

ಇವನ್ನೆಲ್ಲ ಪರೀಕ್ಷೆ ಅಂತ ಹೇಳಿ ಹೆದರಿಸಬೇಡಿ. ತಪ್ಪಾದಾಗ 'ಅಷ್ಟೂ ಗೊತ್ತಾಗಲ್ವಾ ಅಪ್ಪ?' ಅನ್ನಬೇಡಿ. ಅವರಿಗೆ ತಪ್ಪುತ್ತಿರುವುದು ಎಷ್ಟೋ ಸಲ ಗೊತ್ತಾಗುತ್ತದೆ. ಅದೇ ಅವರಿಗೆ ದೊಡ್ಡ ಹಿಂಸೆ.

ಹಂತ 3: ಏನು ಕೆದಕಿತು ಅಂತ ಹುಡುಕಿ

ಲಿವರ್ ನಿನ್ನೆ ಇದ್ದಷ್ಟೇ ಇವತ್ತೂ ಇದೆ. ಹಾಗಿದ್ದ ಮೇಲೆ ಇವತ್ತೇ ಯಾಕೆ ಮಂಕಾದರು? ಸಾಮಾನ್ಯವಾಗಿ ಏನೋ ಒಂದು ಕೆದಕಿರುತ್ತದೆ. ಅದು ಸಿಕ್ಕಿದರೆ ಅರ್ಧ ಕೆಲಸ ಆದಂತೆ.

ಮೊದಲು ಕೇಳಬೇಕಾದ ಪ್ರಶ್ನೆ: ಕಕ್ಕಸಿಗೆ ಯಾವಾಗ ಹೋಗಿದ್ದರು? ಮಲಬದ್ಧತೆ ಬಹಳ ಸಾಮಾನ್ಯ ಕಾರಣ. ಕ್ಯಾನ್ಸರ್ ರೋಗಿಗೆ ಮಲ ಕಟ್ಟಲು ದಾರಿಗಳು ಹತ್ತು. ನೋವಿಗೆ ಕೊಡುವ ಮಾರ್ಫಿನ್, ಟ್ರಮಡಾಲ್ ಕಟ್ಟಿಸುತ್ತವೆ. ಕೀಮೋ ಆದ ಮೇಲೆ ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಕೂಡ ಕಟ್ಟಿಸುತ್ತದೆ. ಊಟ ಕಡಿಮೆ, ಓಡಾಟ ಇಲ್ಲ. ಇದನ್ನು ಕೇಳಲು ಸೊಸೆ ಮಾವನಿಗೆ ಸಂಕೋಚ ಪಡುತ್ತಾಳೆ, ಮಾವ ಹೇಳಲು ನಾಚುತ್ತಾರೆ. ಅದಕ್ಕೇ ಬಚ್ಚಲ ಬಾಗಿಲ ಹತ್ತಿರ ಒಂದು ಕ್ಯಾಲೆಂಡರ್ ನೇತುಹಾಕಿ ಪೆನ್ನು ಕಟ್ಟಿಬಿಡಿ. ಹೋದಾಗಲೆಲ್ಲ ಒಂದು ಗೆರೆ. ಯಾರೂ ಯಾರನ್ನೂ ಕೇಳಬೇಕಿಲ್ಲ.

ಎರಡನೆಯದು ರಕ್ತ. ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಾಗಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಚರಟ ಕಂಡರೆ ಒಳಗೆ ರಕ್ತ ಸೋರುತ್ತಿದೆ ಅಂತ ಅರ್ಥ. ಇದಕ್ಕೆ ಮನೆಯಲ್ಲಿ ಏನೂ ಮಾಡಲಾಗದು, ತಕ್ಷಣ ಹೊರಡಿ. ಮೂರನೆಯದು ಸೋಂಕು. ಜ್ವರ, ಮೂತ್ರದಲ್ಲಿ ಉರಿ, ಕೆಮ್ಮು, ನೀರು ತುಂಬಿದ ಹೊಟ್ಟೆಯಲ್ಲಿ ಹೊಸದಾಗಿ ನೋವು. ಕೀಮೋದಲ್ಲಿ ಇರುವವರಿಗೆ ಸೋಂಕಿದ್ದರೂ ಜ್ವರ ಜೋರಾಗಿ ಕಾಣದಿರಬಹುದು. ಬೇಸಿಗೆಯಲ್ಲಿ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರು ಜ್ವರ ಅಂತ ಹೋದಾಗ ಕಾಡಿಗೆ, ದರಗು (ಒಣಗಿದ ಎಲೆ) ಗುಡಿಸಲು ಹೋಗಿದ್ದರೆ ಅದನ್ನೂ ಹೇಳಿ. ಕಾಡಿನ ಉಣ್ಣೆಯಿಂದ ಬರುವ ಮಂಗನ ಕಾಯಿಲೆಯ ವಿಚಾರ ಡಾಕ್ಟರ್ ತಲೆಗೆ ಬರಬೇಕಲ್ಲ.

ನೀರು ಮತ್ತು ಲವಣದ ಏರುಪೇರು ಮುಂದಿನದು. ಹೊಟ್ಟೆಯ ನೀರಿಳಿಸಲು ಕೊಟ್ಟ ಮಾತ್ರೆ ಜಾಸ್ತಿಯಾಗಿ, ಇಲ್ಲವೇ ವಾಂತಿಭೇದಿಯಾಗಿ ಸೋಡಿಯಂ, ಪೊಟ್ಯಾಸಿಯಂ ಇಳಿದರೂ ಮಂಕು ಬರುತ್ತದೆ.

ಕೊನೆಯದು ಮಾತ್ರೆಗಳು. ರಾತ್ರಿ ನಿದ್ದೆ ಬರಲ್ಲ ಅಂತ ಮೆಡಿಕಲ್ ಶಾಪಿನಿಂದ ತಂದ ಅಲ್ಪ್ರಾಝೋಲಾಂನಂಥ ನಿದ್ದೆ ಮಾತ್ರೆ ಇಲ್ಲಿ ದೊಡ್ಡ ಶತ್ರು. ರಾತ್ರಿಯ ಎಚ್ಚರವೇ ಕಾಯಿಲೆಯ ಲಕ್ಷಣ, ಅದಕ್ಕೆ ನಿದ್ದೆ ಮಾತ್ರೆ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಮಂಪರು ತರಿಸುವ ಶೀತದ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಬೇಡ. ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದವು ಕಿಡ್ನಿಗೂ ಹೊಟ್ಟೆಗೂ ಪೆಟ್ಟು ಕೊಡುತ್ತವೆ. ಪ್ಯಾರಾಸಿಟಮಾಲ್ ಬೇಕಾದರೆ ಸಾಮಾನ್ಯವಾಗಿ ದಿನಕ್ಕೆ 2 ಗ್ರಾಂ ದಾಟಿಸುವುದಿಲ್ಲ, ಅಂದರೆ 500ರ ಮಾತ್ರೆ ನಾಲ್ಕು. ಹಾಗಂತ ಮಾರ್ಫಿನ್ ಅನ್ನು ನೀವೇ ನಿಲ್ಲಿಸಬೇಡಿ. ನೋವಿನಲ್ಲಿ ಒದ್ದಾಡುವುದೂ ಮನಸ್ಸನ್ನು ಕೆಡಿಸುತ್ತದೆ. ಪ್ರಮಾಣ ಇಳಿಸುವುದೋ, ಎರಡು ಡೋಸಿನ ನಡುವೆ ಅಂತರ ಹೆಚ್ಚಿಸುವುದೋ, ಬೇರೆ ಔಷಧಿಗೆ ಬದಲಾಯಿಸುವುದೋ ಡಾಕ್ಟರ್ ತೀರ್ಮಾನ.

ಕುಡಿತದ ಬಗ್ಗೆ ಹೇಳಬೇಕೇ? ಒಂದು ಹನಿಯೂ ಬೇಡ.

ಹಂತ 4: ಲ್ಯಾಕ್ಟುಲೋಸ್ ಸರಿಯಾಗಿ ಕೊಡಿ

ಇದು ಈ ಮಂಕಿಗೆ ಕೊಡುವ ಸಿಹಿಯಾದ ಸಿರಪ್. ಮಲ ಸಡಿಲ ಮಾಡುವುದಷ್ಟೇ ಇದರ ಕೆಲಸ ಅಂದುಕೊಂಡವರು 'ಇವತ್ತು ಆಯ್ತಲ್ಲ, ಇನ್ಯಾಕೆ' ಅಂತ ನಿಲ್ಲಿಸಿಬಿಡುತ್ತಾರೆ. ಒಂದು ಸಲ ಗುಣವಾದವರು ಮತ್ತೆ ಆಸ್ಪತ್ರೆ ಸೇರುವುದು ಎಷ್ಟೋ ಸಲ ಇದರಿಂದಲೇ. ಇದು ಕರುಳಿನೊಳಗೆ ಹುಳಿ ಅಂಶ ಹೆಚ್ಚಿಸಿ ಅಮೋನಿಯಾ ರಕ್ತಕ್ಕೆ ಸೇರದಂತೆ ತಡೆಯುತ್ತದೆ, ಮಲದ ಜೊತೆ ಹೊರಗೂ ಹಾಕುತ್ತದೆ. ಆದ್ದರಿಂದ ಡಾಕ್ಟರ್ ಬೇಡ ಅನ್ನುವವರೆಗೆ ದಿನಾ ಬೇಕು.

ಸಾಮಾನ್ಯವಾಗಿ 15ರಿಂದ 30 ಎಂಎಲ್, ದಿನಕ್ಕೆ ಎರಡು ಮೂರು ಸಲ ಬರೆಯುತ್ತಾರೆ. ನಿಜವಾದ ಅಳತೆ ಮಾತ್ರ ಮುಚ್ಚಳದಲ್ಲಿಲ್ಲ, ಕ್ಯಾಲೆಂಡರಿನ ಗೆರೆಗಳಲ್ಲಿದೆ. ದಿನಕ್ಕೆ ಎರಡರಿಂದ ಮೂರು ಸಲ ಮೆತ್ತಗೆ ಹೋಗಬೇಕು. ಒಂದೇ ಗೆರೆ ಇದ್ದರೆ ಪ್ರಮಾಣ ಸಾಲದು. ಐದಾರು ಸಲ ನೀರು ನೀರಾಗಿ ಹೋದರೆ ಜಾಸ್ತಿಯಾಗಿದೆ, ದೇಹ ಒಣಗಿ ಅದೇ ಮತ್ತೆ ಮಂಕು ತರುತ್ತದೆ. ಎಷ್ಟು ಏರಿಸಬಹುದು, ಎಷ್ಟು ಇಳಿಸಬಹುದು ಅಂತ ಮೊದಲೇ ಡಾಕ್ಟರ್ ಹತ್ತಿರ ಬರೆಸಿಟ್ಟುಕೊಳ್ಳಿ. ಭಾನುವಾರ ರಾತ್ರಿ ಫೋನ್ ಮಾಡಿ ಒದ್ದಾಡುವುದು ತಪ್ಪುತ್ತದೆ. ಹೊಟ್ಟೆ ಉಬ್ಬರ, ಗ್ಯಾಸ್ ಮೊದಲ ದಿನಗಳಲ್ಲಿ ಇದ್ದದ್ದೇ. ಸಿಹಿ ವಾಕರಿಕೆ ತಂದರೆ ನೀರಿಗೆ ಬೆರೆಸಿ ಕೊಡಿ. ಇಸಬ್‌ಗೋಲ್, ಹರಳೆಣ್ಣೆ, ಅಂಗಡಿಯ ಬೇರೆ ಮಲಬದ್ಧತೆಯ ಸಿರಪ್ ಇದರ ಬದಲಿಗೆ ಆಗುವುದಿಲ್ಲ.

ಮತ್ತೆ ಮತ್ತೆ ಮಂಕಾಗುವವರಿಗೆ ಇದರ ಜೊತೆ ರಿಫಾಕ್ಸಿಮಿನ್ ಮಾತ್ರೆ ಬರೆಯುತ್ತಾರೆ. 550 ಮಿಲಿಗ್ರಾಂ, ದಿನಕ್ಕೆರಡು. ಇದು ಕರುಳಿನಲ್ಲೇ ಕೆಲಸ ಮಾಡುವ ಆಂಟಿಬಯಾಟಿಕ್. ತಿಂಗಳುಗಟ್ಟಲೆ ಬೇಕಾಗುವುದರಿಂದ ಜೇಬಿಗೆ ಭಾರ. ಕೊಳ್ಳಲಾಗದೆ ನಿಲ್ಲಿಸುವ ಬದಲು ಅದನ್ನು ಡಾಕ್ಟರ್‌ಗೆ ಹೇಳಿ, ಕಡಿಮೆ ಬೆಲೆಯ ಕಂಪನಿ ಕೇಳಿ, ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.

ಹಂತ 5: ಪಥ್ಯದ ಹೆಸರಲ್ಲಿ ಉಪವಾಸ ಹಾಕಬೇಡಿ

ಇಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ಕಣ್ಣು ಹಳದಿಯಾದರೆ ಸಾಕು, ಕಾಮಾಲೆಯ ನಾಟಿ ಔಷಧಿ, ಜೊತೆಗೆ ಗಂಜಿ ಮಜ್ಜಿಗೆಯ ಪಥ್ಯ. ಬೇಳೆ ಬೇಡ, ಮೊಟ್ಟೆ ಬೇಡ, ಎಣ್ಣೆ ಬೇಡ. ಹಿಂದೆ ಡಾಕ್ಟರ್‌ಗಳೂ ಅಮೋನಿಯಾ ಇದ್ದರೆ ಪ್ರೋಟೀನ್ ಕಡಿಮೆ ಮಾಡಿ ಅನ್ನುತ್ತಿದ್ದರು. ಈಗ ಆ ಮಾತು ಹೋಗಿದೆ. ಸೋತ ಲಿವರ್ ಮಾಡಲಾಗದ ಕೆಲಸದಲ್ಲಿ ಒಂದಿಷ್ಟನ್ನು ನಮ್ಮ ಮಾಂಸಖಂಡಗಳು ಮಾಡುತ್ತವೆ, ಅವೂ ಅಮೋನಿಯಾವನ್ನು ಹೀರಿ ತೆಗೆಯುತ್ತವೆ. ಉಪವಾಸ ಹಾಕಿದರೆ ದೇಹ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ತೊಡೆ, ಭುಜ ಇಳಿದಷ್ಟೂ ಮಂಕು ಹೆಚ್ಚುತ್ತದೆ.

ಈಗಿನ ಸಲಹೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. 60 ಕೆಜಿಯವರಿಗೆ 72ರಿಂದ 90 ಗ್ರಾಂ. ತೂಕ ಹಿಡಿಯುವಾಗ ಹೊಟ್ಟೆಯ ನೀರಿನ ತೂಕ ಸೇರಿಸಬಾರದು. ಕಾಳು, ಬೇಳೆ, ಹಾಲು, ಮೊಸರಿನ ಪ್ರೋಟೀನ್ ಇವರಿಗೆ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ನಮ್ಮ ಅಡುಗೆಮನೆಗಿಂತ ಒಳ್ಳೆಯ ಜಾಗ ಬೇಕೇ? ನುಚ್ಚಿನುಂಡೆ ಬಹುಪಾಲು ಬೇಳೆಯೇ, ಹಬೆಯಲ್ಲಿ ಬೆಂದದ್ದು, ಮೆತ್ತಗೆ, ಖಾರ ಬೇಡವೆಂದರೆ ಹಾಕದೆ ಮಾಡಬಹುದು. ಹೆಸರುಕಾಳಿನ ಉಸಲಿ, ಮುದ್ದೆಗೆ ಹುರುಳಿಕಾಳಿನ ಸಾರು, ಮೊಸರನ್ನ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಒಂದರಲ್ಲಿ ಸುಮಾರು 6 ಗ್ರಾಂ ಸಿಗುತ್ತದೆ. ಮಾಂಸ, ಮೀನು ಒಗ್ಗಿದರೆ ಅದನ್ನೂ ನಿಲ್ಲಿಸಬೇಕಿಲ್ಲ.

ಸ್ವಲ್ಪ ಸ್ವಲ್ಪ, ಆದರೆ ಪದೇ ಪದೇ. ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಎಂಟಕ್ಕೆ ತಿಂಡಿ ಅಂದರೆ ಹನ್ನೆರಡು ಗಂಟೆ ಹಸಿವು, ಅದು ಇವರಿಗೆ ಆಗದು. ಮಲಗುವ ಮುಂಚೆ ಹಾಲು ಹಾಕಿದ ರಾಗಿ ಗಂಜಿಯೋ, ಎರಡು ಇಡ್ಲಿಯೋ ಕೊಡಿ. ಬೆಳಿಗ್ಗೆ ಎದ್ದ ಕೂಡಲೇ ಏನಾದರೂ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಇಡೀ ದಿನಕ್ಕೆ ಒಂದು ಟೀ ಚಮಚದೊಳಗೆ. ಅಂದರೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗೆ ಕೈಮುಗಿಯಬೇಕು, ಬೇರೆ ದಾರಿ ಇಲ್ಲ. ಕಾಫಿ ಬಿಡಬೇಕಿಲ್ಲ, ಸಂಜೆಯ ಮೇಲೆ ಬೇಡ ಅಷ್ಟೇ.

ನಾಟಿ ಔಷಧಿಯ ಬಗ್ಗೆ: ಕೊಡುವವರು ಒಳ್ಳೆಯ ಮನಸ್ಸಿನವರೇ ಇರಬಹುದು. ಆದರೆ ಸೋತ ಲಿವರ್‌ಗೆ ಏನು ಹಾಕುತ್ತಿದ್ದೇವೆ ಅಂತ ಗೊತ್ತಿರಬೇಕು. ಮನೆಮದ್ದು ಅಂತ ಕುಡಿಯುವ ಅಮೃತಬಳ್ಳಿಯಿಂದಲೇ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಡಾಕ್ಟರ್ ಬೈದರೂ ಹೇಳಿ.

ಹಂತ 6: ಮನೆಯನ್ನು ಭದ್ರ ಮಾಡಿ

ಮಂಕಾದವರು ರಾತ್ರಿ ಎದ್ದು ಓಡಾಡುತ್ತಾರೆ. ಹಜಾರದಲ್ಲಿ ಸಣ್ಣ ದೀಪ ಇರಲಿ. ಹೊರ ಬಾಗಿಲಿಗೆ ಮೇಲಿನ ಚಿಲಕ. ಕಟ್ಟೆಯಿಲ್ಲದ ಬಾವಿ, ತೋಟದ ಕೆರೆ, ಬಚ್ಚಲ ಹಂಡೆಯ ಕುದಿ ನೀರು ನೆನಪಿರಲಿ. ಜೀಪು, ಬೈಕಿನ ಕೀ ಕೈಗೆ ಸಿಗದಂತಿಡಿ. ನಿನ್ನೆ ಚೆನ್ನಾಗಿದ್ದರು ಅಂತ ಇವತ್ತು ಓಡಿಸಲು ಬಿಡಬೇಡಿ. ತೋಟದ ಮನೆಗಳಲ್ಲಿ ಬೆಳೆ ಕಾಯಲು ಲೈಸೆನ್ಸಿನ ಕೋವಿ ಇದ್ದರೆ ಅದು ಬೀಗದೊಳಗಿರಲಿ, ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳೂ ಅಷ್ಟೇ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಮಂಕಿನ ದಿನಗಳಲ್ಲಿ ಜಮೀನು, ಬ್ಯಾಂಕು, ಪಾಲಿನ ಕಾಗದಕ್ಕೆ ಸಹಿ ಹಾಕಿಸಬೇಡಿ. ಆಮೇಲೆ ಅಣ್ಣ ತಮ್ಮಂದಿರ ನಡುವೆ ಕೋರ್ಟು ಕಚೇರಿ ಆಗುವುದು ಇಂಥ ಸಹಿಗಳಿಂದಲೇ. ಮನಸ್ಸು ತಿಳಿಯಾಗಿರುವ ದಿನ, ಅವರು ಬಯಸಿದರೆ, ಎಲ್ಲರ ಎದುರಿಗೆ ಆಗಲಿ.

ಹಂತ 7: ಯಾವಾಗ ಓಡಬೇಕು, ಏನು ಒಯ್ಯಬೇಕು

ಎಬ್ಬಿಸಿದರೆ ಸರಿಯಾಗಿ ಏಳದಿದ್ದರೆ, ಎಲ್ಲಿದ್ದೇನೆಂದು ಗೊತ್ತಾಗದಿದ್ದರೆ, ರಕ್ತ ಕಂಡರೆ, ಫಿಟ್ಸ್ ಬಂದರೆ, ಜ್ವರವಿದ್ದರೆ, ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಒಂದು ಕಡೆಯ ಕೈಕಾಲು ಸೋತರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಎಡ ಮಗ್ಗುಲಿಗೆ ಮಲಗಿಸಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಸಕ್ಕರೆ ನೋಡಿ. ಲಿವರ್ ಸೋತವರಿಗೆ ಸಕ್ಕರೆ ದಿಢೀರನೆ ಇಳಿಯುವುದುಂಟು, ಅದೂ ಥೇಟ್ ಹೀಗೇ ಕಾಣುತ್ತದೆ. 70ಕ್ಕಿಂತ ಕಡಿಮೆಯಿದ್ದು, ಎಚ್ಚರವಾಗಿ ನುಂಗುವಂತಿದ್ದರೆ ಸಕ್ಕರೆ ನೀರು ಕೊಡಿ. ಮಂಪರಿನಲ್ಲಿರುವವರ ಬಾಯಿಗೆ ಮಾತ್ರ ಲ್ಯಾಕ್ಟುಲೋಸ್, ನಿಂಬೆ ಪಾನಕ, ಕಾಫಿ ಏನನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಅದೇ ಔಷಧಿಯನ್ನು ಮೂಗಿನ ಕೊಳವೆಯಿಂದಲೋ, ಎನಿಮಾದಲ್ಲೋ ಕೊಡುತ್ತಾರೆ.

ಕಳಸ, ಸಂಸೆ, ಹೆತ್ತೂರು ಕಡೆಯ ಎಸ್ಟೇಟ್ ಮನೆಗಳವರು ಮೊದಲೇ ಒಂದು ಯೋಜನೆ ಮಾಡಿಕೊಳ್ಳಿ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಆಂಬುಲೆನ್ಸ್ ಯಾವ ಗೇಟಿನವರೆಗೆ ಬರುತ್ತದೆ, ಅಲ್ಲಿಯವರೆಗೆ ಯಾರ ಜೀಪು. ಮಳೆಗಾಲದಲ್ಲಿ ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗೋಣ ಅಂತ ನಂಬಿಕೊಂಡು ಕೂರಬೇಡಿ. ಮೊದಲು ಹತ್ತಿರದ ದೊಡ್ಡ ಆಸ್ಪತ್ರೆ ಸೇರಿ. ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಹಿಮ್ಸ್ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾಸ್ಪತ್ರೆ ಇದೆ. ಸ್ಥಿತಿ ನೋಡಿ ಅಲ್ಲಿಂದ ಬೆಂಗಳೂರಿಗೋ ಮಂಗಳೂರಿಗೋ ಕಳಿಸುವುದನ್ನು ಅವರು ಹೇಳುತ್ತಾರೆ. ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಫೈಲಿನಲ್ಲೇ ಇರಲಿ.

ಕ್ಯಾನ್ಸರ್ ಫೈಲು, ಕೊನೆಯ ಸ್ಕ್ಯಾನ್, ಎಲ್ಲ ಮಾತ್ರೆಗಳ ಸ್ಟ್ರಿಪ್ಪು, ಸಹಿಯ ನೋಟ್‌ಬುಕ್ಕು, ಗೆರೆ ಹಾಕಿದ ಕ್ಯಾಲೆಂಡರ್ ಒಯ್ಯಿರಿ. ಮೊದಲ ವಾಕ್ಯದಲ್ಲೇ ಹೇಳಬೇಕಾದದ್ದು: 'ಮೊನ್ನೆ ರಾತ್ರಿಯವರೆಗೆ ಸರಿಯಾಗಿದ್ರು ಸರ್, ನಿನ್ನೆಯಿಂದ ಹೀಗೆ. ಮೂರು ದಿನದಿಂದ ಮೋಷನ್ ಆಗಿಲ್ಲ.' ಇದರಿಂದ ಡಾಕ್ಟರ್ ಕೆಲಸ ಅರ್ಧ ಹಗುರ.

ಅವರು ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಿಡ್ನಿ, ರಕ್ತದ ಕಣಗಳನ್ನು ನೋಡುತ್ತಾರೆ. ಹೊಟ್ಟೆಯಲ್ಲಿ ನೀರಿದ್ದರೆ ಸೂಜಿಯಿಂದ ಸ್ವಲ್ಪ ತೆಗೆದು ಸೋಂಕಿದೆಯೇ ಅಂತ ಪರೀಕ್ಷಿಸುತ್ತಾರೆ. ತಲೆಯ ಸಿಟಿ ಸ್ಕ್ಯಾನ್ ಬೇಕಾಗಬಹುದು. ಮೆದುಳಿಗೆ ಹರಡಿದ ಗಡ್ಡೆ, ತಲೆಯೊಳಗಿನ ರಕ್ತಸ್ರಾವ, ಏರಿದ ಕ್ಯಾಲ್ಸಿಯಂ, ಮಾರ್ಫಿನ್ ಅತಿಯಾದದ್ದು, ಸ್ಟಿರಾಯ್ಡ್ ಮಾತ್ರೆ ಇವೆಲ್ಲವೂ ಇದೇ ವೇಷದಲ್ಲಿ ಬರುತ್ತವೆ. ಅಮೋನಿಯಾ ರಿಪೋರ್ಟಿನ ಅಂಕಿಗೇ ಜೋತುಬೀಳಬೇಡಿ. ಅದು ಜಾಸ್ತಿ ಬಂದ ಮಾತ್ರಕ್ಕೆ ರೋಗ ಖಾತ್ರಿಯಲ್ಲ, ರಕ್ತ ಲ್ಯಾಬಿಗೆ ತಡವಾಗಿ ಹೋದರೂ ಅಂಕಿ ಏರುತ್ತದೆ. ನಾರ್ಮಲ್ ಬಂದರೆ ಮಾತ್ರ ಬೇರೆ ಕಾರಣ ಹುಡುಕುವುದು ಒಳ್ಳೆಯದು.

ಹಂತ 8: ಮುಂದೇನು ಅಂತ ಕೇಳಿ

ಮಲಬದ್ಧತೆಯಿಂದಲೋ ಸೋಂಕಿನಿಂದಲೋ ಬಂದದ್ದಾದರೆ ಸರಿಹೋಗುವ ಸಾಧ್ಯತೆ ಚೆನ್ನಾಗಿದೆ. ಲಿವರ್‌ನ ಹೆಚ್ಚಿನ ಭಾಗವನ್ನು ಕ್ಯಾನ್ಸರ್ ನುಂಗಿದ್ದು, ಕೆದಕಿದ್ದೇನೂ ಸಿಗದೆ ಮಂಕು ಏರುತ್ತಿದ್ದರೆ ಅದು ಕೊನೆಯ ದಿನಗಳು ಹತ್ತಿರವಾದ ಸೂಚನೆ ಇರಬಹುದು. ಎರಡರಲ್ಲಿ ಯಾವುದು ಅಂತ ಡಾಕ್ಟರನ್ನು ನೇರವಾಗಿ ಕೇಳಿ. 'ಇದು ಸರಿಹೋಗುವ ಮಂಕಾ ಸರ್, ಅಲ್ವಾ?' ಅಂತ ಕೇಳಲು ಹಿಂಜರಿಯಬೇಡಿ. ಐಸಿಯು, ವೆಂಟಿಲೇಟರ್ ಬೇಕೋ ಬೇಡವೋ ಅನ್ನುವುದನ್ನು ರೋಗಿ ತಿಳಿಯಾಗಿರುವಾಗಲೇ ಅವರ ಬಾಯಿಂದ ಕೇಳಿಕೊಳ್ಳಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನೋವು, ಒದ್ದಾಟ ತಗ್ಗಿಸುವುದಕ್ಕೇ ಪ್ಯಾಲಿಯೇಟಿವ್ ವಿಭಾಗ ಇರುತ್ತದೆ. ಚಿಕಿತ್ಸೆ ನಿಲ್ಲಿಸಿದವರಿಗೆ ಮಾತ್ರ ಅದು ಅಂದುಕೊಳ್ಳಬೇಡಿ, ಚಿಕಿತ್ಸೆ ನಡೆಯುವಾಗಲೂ ಹೋಗಬಹುದು.

ಮನೆಗೆ ಕಳಿಸುವ ದಿನ ನಾಲ್ಕು ವಿಷಯ ಚೀಟಿಯಲ್ಲಿ ಬರೆಸಿಕೊಳ್ಳಿ: ಲ್ಯಾಕ್ಟುಲೋಸ್ ಎಷ್ಟರಿಂದ ಎಷ್ಟಕ್ಕೆ ಏರಿಳಿಸಬಹುದು, ನೋವಿಗೆ ಯಾವ ಮಾತ್ರೆ ಎಷ್ಟು, ಹೊಟ್ಟೆಯ ನೀರಿಳಿಸುವ ಮಾತ್ರೆ ಯಾವಾಗ ನಿಲ್ಲಿಸಬೇಕು, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು. ಆ ಚೀಟಿಯ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ.